ಮೇಣದ ಅರಿವೆ

ಪರಿಸರದ ಹೆಸರಲ್ಲಿ ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಾರೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಪೀಣ್ಯದ ಕಾರ್ಖಾನೆಯೊಂದು ಗಂಡನನ್ನು ಮನೆಗೆ ಕಳಿಸಿದ ಮೇಲೆ ಅಬ್ಬಿಗೆರೆಯ ನಮ್ಮ ಒಲೆ ಉರಿಯುತ್ತಿದ್ದುದೇ ಯಲಹಂಕದ ಒಂದು ಕಾಲೇಜಿನ ಜೋಳದ ರೊಟ್ಟಿ ಆರ್ಡರ್‌ನಿಂದ. ಅತ್ತೆ ರತ್ನಕ್ಕ ರೊಟ್ಟಿ ಬಡಿಯುತ್ತಾರೆ, ನಾನು ಬೇಯಿಸಿ ಸುತ್ತಿ ಒಯ್ಯುತ್ತೇನೆ. ಈಗ ಕಾಲೇಜಿನವರು ಪ್ಲಾಸ್ಟಿಕ್ ಬೇಡ ಎಂದರು. ಫಾಯಿಲ್‌ನಲ್ಲಿ ಸುತ್ತಿ ಕೊಡುವ ದೊಡ್ಡ ಕೇಟರರ್ ಒಬ್ಬ ಬಾಗಿಲಲ್ಲೇ ಕಾದಿದ್ದ. ನಾನು ಜೇನುಮೇಣ ಸವರಿದ ಬಟ್ಟೆ ತಂದೆ; ಅಂಗೈ ಬಿಸಿಗೆ ಮಡಿಕೆ ಅಂಟಿಕೊಳ್ಳುತ್ತದೆ, ತಣ್ಣೀರಲ್ಲಿ ತೊಳೆದು ಮತ್ತೆ ಬಳಸಬಹುದು. ವಾರ ನೋಡಿ ಹೇಳುತ್ತೇವೆ ಎಂದಳು ಕ್ಯಾಂಟೀನ್ ನೋಡಿಕೊಳ್ಳುವ ದಿವ್ಯ.

ವಾರದ ಕೊನೆಗೆ ನಾನು ಜ್ವರ ಬಂದು ಬಿದ್ದುಕೊಂಡೆ. ಬಟ್ಟೆ ತೊಳೆದದ್ದು, ರೊಟ್ಟಿ ಸುತ್ತಿ ದಾರ ಕಟ್ಟಿದ್ದು ಎಲ್ಲ ಅತ್ತೆಯೇ. ತೀರ್ಮಾನದ ದಿನ ನನ್ನ ಜೊತೆ ತಾವೂ ಹೊರಟರು.

ಹೋಗಿ ಕೂತದ್ದೇ ವಾದಕ್ಕಿಳಿದೆ. ಅಲ್ಯೂಮಿನಿಯಂಗೆ ಗುಡ್ಡ ಅಗೆಯಬೇಕು, ರಾಶಿ ಕರೆಂಟು ಸುಡಬೇಕು. ಕರಗಿಸಿ ಮತ್ತೆ ಮಾಡಬಹುದಂತೆ. ಎಣ್ಣೆ, ಶೇಂಗಾ ಚಟ್ನಿ ಮೆತ್ತಿದ ಫಾಯಿಲನ್ನು ಯಾವ ಗುಜರಿಯವನು ಮುಟ್ಟುತ್ತಾನೆ? ನಮ್ಮ ಬಟ್ಟೆಯಾದರೆ ವರ್ಷ ಬರುತ್ತದೆ.

"ಅದೇ ಕಣ್ರೀ ಪ್ರಶ್ನೆ," ಎಂದಳು ದಿವ್ಯ. "ಹತ್ತಿ ಬೆಳೆಯೋಕೂ ನೀರು ಬೇಕಲ್ವಾ? ವರ್ಷ ಬಂದ್ರೆ ಬಟ್ಟೆ ಗೆಲ್ಲುತ್ತೆ. ವಾರಕ್ಕೇ ಬಿಸಾಕಿದ್ರೆ ಫಾಯಿಲೇ ವಾಸಿ. ಎಲ್ಲಿ, ತೋರ್ಸಿ."

ದಾರ ಬಿಚ್ಚಿದೆ. ಬಟ್ಟೆ ಹಳೇ ಲುಂಗಿಯಂತೆ ಜೋತುಬಿತ್ತು. ಅಂಗೈಯಿಂದ ಎಷ್ಟು ಒತ್ತಿದರೂ ಮಡಿಕೆ ಅಂಟಲಿಲ್ಲ. ಮೇಣದ ಹೆಸರೇ ಇರಲಿಲ್ಲ.

"ಅತ್ತಿ, ಇದಕ್ಕೇನ್ ಮಾಡೀರಿ?"

"ಹುಡುಗ್ರು ಉಂಡ ಮುಸುರಿ ಅರಿವಿ. ಬರೇ ತಣ್ಣೀರಾಗ ಜಾಡಿಸಿದ್ರ ಹೋಗ್ತದೇನು? ಸೋಡಾ ಹಾಕಿ ಕುದಿಸೀನಿ. ಎಂಥಾ ಜಿಡ್ಡ ಬಿಡ್ತು ಅಂತಿ." ಅತ್ತೆ ದಿವ್ಯಳ ಕಡೆ ನೋಡಿ ನಕ್ಕರು. "ಸ್ವಚ್ಛದಾಗ ನಮ್ಮನ್ನ ಮೀರ್ಸೋರಿಲ್ಲ ತಾಯಿ."

"ರೊಟ್ಟಿ ತುಂಬಾ ಚೆನ್ನಾಗಿದೆ ಅಜ್ಜಿ," ಎಂದಳು ದಿವ್ಯ. ಅತ್ತೆ ಹಿಗ್ಗಿ ಹೊರಗೆ ಹೋದರು. ಆಮೇಲೆ ದಿವ್ಯ ನನ್ನ ಕಡೆ ತಿರುಗಿ ಆಗಲ್ಲ ಎಂಬಂತೆ ತಲೆಯಾಡಿಸಿದಳು.

ಹೊಸ ಬಟ್ಟೆ ತರುತ್ತೇನೆಂದೆ. ಇನ್ನು ನಾನೇ ತೊಳೆಯುತ್ತೇನೆಂದೆ. ಯಾರಿಗೂ ತಲೆಬಾಗದ ನಾನು ಕೈಯನ್ನೂ ಮುಗಿದೆ.

"ಸಾರಿ ಪ್ರತಿಭಾ, ನಾಳೆಯಿಂದ ಆ ಫಾಯಿಲ್‌ನವರೇ ಬರ್ತಾರೆ."

ಸಿಟ್ಟು ನೆತ್ತಿಗೇರಿತ್ತು. ಮನೆ ಮುರಿದಿರಿ ಎಂದು ಅತ್ತೆಯ ಮುಖಕ್ಕೇ ಹೇಳಬೇಕೆಂದು ಗೇಟಿಗೆ ಬಂದೆ. ರೊಟ್ಟಿ ಬಡಿದು ಬಾತಿದ್ದ ಅಂಗೈಯನ್ನು ಅವರು ಸೆರಗಿಗೆ ಒತ್ತಿಕೊಂಡು ನಿಂತಿದ್ದರು.

"ಏನಂದ್ಲವಾ? ಒಪ್ಪಿದ್ಲೇನು?"

"ಹೂಂ," ಎಂದೆ.

"ಹಂಗಾರ ದಾರ್ಯಾಗ ಜ್ವಾಳ ತಗೊಂಡೇ ಹೋಗೂಣು. ನಾಳಿಗಿ ಹಿಟ್ಟಿಲ್ಲ."