ಗಾಳಿ ತಡೆಯುವವಳು

"ಬಿಚ್ಚೇ ಅಂದ್ನಲ್ಲ! ಮೈ ಮೇಲಿರೋ ಅಂಗಿನೂ ಕಾಲೇಜಿಂದೇ. ಬಿಚ್ಚಿ ಇಡು ಇಲ್ಲಿ."

ವೆಂಕಟಗಿರಿ ಅಂಕಲ್ ಟೀಪಾಯಿಯ ಮೇಲೆ ಬೆರಳು ಬಡಿದು ಜಾಗ ತೋರಿಸಿದರು. ಹ್ಯೂಸ್ಟನ್ನಿನ ಪಕ್ಕದ ಶುಗರ್ ಲ್ಯಾಂಡಿನ ಅವರ ಮನೆಯ ತುಂಬ ಜನ. ಹಳೆಯ ಕಂಪನಿ ಬಿಟ್ಟು ಅದಕ್ಕಿಂತ ದೊಡ್ಡದಕ್ಕೆ ಸೇರಿದ ಖುಷಿಗೆ ಅವರು ಅವತ್ತು ಊಟ ಹಾಕಿಸಿದ್ದರು. ಎಲ್ಲರ ಕೈಯಲ್ಲೂ ಗಾಜಿನ ಲೋಟ. ನನ್ನ ಕೈಯಲ್ಲಿ ಕಾಗದದ್ದು.

ನಾನು ತುಂಗಾ. ಹಳಿಯಾಳದ ಕಡೆಯ ಸಿದ್ದಿ ಬುಡಕಟ್ಟಿನ ಹುಡುಗಿ. ಹ್ಯೂಸ್ಟನ್ನಿನ ಒಂದು ಕಾಲೇಜು ಓಟಕ್ಕಾಗಿ ನನಗೆ ಓದು, ಊಟ, ಕೋಣೆ ಕೊಟ್ಟಿತ್ತು. ಕೊಡಿಸಿದವರು ಅಂಕಲ್. ಆ ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ಅವರ ಮಾತು ನಡೆಯುತ್ತದೆ. ಹಿಂದಿನ ದಿನ ನಾನು ಡಲ್ಲಾಸಿನ ಕಾಲೇಜಿಗೆ ಹೋಗುತ್ತೇನೆಂದು ಹೆಸರು ಹಾಕಿದ್ದೆ. ಹಾಗೆ ಬಿಟ್ಟು ಹೋಗಲು ನಿಯಮವಿದೆ. ಹೆಸರು ಹಾಕಿದವರ ಊಟ, ಕೋಣೆಯನ್ನು ಸೆಮಿಸ್ಟರ್ ಮುಗಿದೊಡನೆ ನಿಲ್ಲಿಸಲಿಕ್ಕೂ ನಿಯಮವಿದೆ.

"ನಿಂಗೇನೇ ಕಮ್ಮಿ ಮಾಡಿದ್ವಿ? ಕಾಡಲ್ಲಿ ಸೌದೆ ಹೊರ್ತಿದ್ದೋಳನ್ನ ವಿಮಾನ ಹತ್ತಿಸಿದ್ದು ನಾನು."

"ನನ್ನ ಓಟ ನನಗ ಓಡಾಕ ಬಿಡ್ರಿ ಅಂದೆ. ಅಷ್ಟ."

ಎರಡು ವರ್ಷ ನಾನು ಓಡಿದ್ದು ನಮ್ಮ ತಂಡದ ಕೆಲ್ಸಿ ಎಂಬ ಹುಡುಗಿಗಾಗಿ. ಐದು ಸಾವಿರ ಮೀಟರಿನಲ್ಲಿ ಅವಳ ಮುಂದೆ ಓಡಿ ಗಾಳಿ ತಡೆಯಬೇಕು, ವೇಗ ಹಿಡಿದುಕೊಡಬೇಕು. ಎರಡು ಸುತ್ತು ಉಳಿದಾಗ ಕೋಚ್ "ಔಟ್!" ಎಂದು ಕೂಗುತ್ತಾನೆ. ನಾನು ಪಕ್ಕಕ್ಕೆ ಸರಿಯಬೇಕು, ಅವಳು ಗೆಲ್ಲಬೇಕು. ಅವಳ ಕೊರಳಿಗೆ ಪದಕ ಬೀಳುವಾಗ ನಾನು ನೀರಿನ ಬಾಟಲಿ ಆಯುತ್ತಿರುತ್ತೇನೆ.

"ಹಳೇ ಕೋಚ್ ಸೀಸನ್ ನಡಕ್ಕ ಬಿಟ್ಟು ಬ್ಯಾರೆ ಕಾಲೇಜಿಗೆ ಹ್ವಾದ್ರಲ್ರಿ," ಎಂದೆ. "ಅವರ ಅಂಗಿ ಯಾರ್ ಬಿಚ್ಚಿಸಿದ್ರಿ?"

"ಅವರೂ ನೀನೂ ಒಂದೇನೇ, ದರಿದ್ರ ಮುಂಡೇದೆ? ಅವರದ್ದು ಕೆರಿಯರ್ರು!"

ಸೋಫಾದಲ್ಲಿ ಯಾರೋ ನಕ್ಕರು. ಅಂಗಿ ಬಿಚ್ಚಿದೆ. ಒಳಗಿದ್ದದ್ದು ಎದೆಮಟ್ಟದ ಓಟದ ಬನಿಯನ್ನು. ಗಂಡಸರು ಟೀವಿಯ ಕಡೆ ತಿರುಗಿದರು, ಪೂರ್ತಿ ತಿರುಗಲಿಲ್ಲ. ಅಂಕಲ್ಲರ ಹೆಂಡತಿ ಅನಸೂಯಾ ಆಂಟಿ ಒಳಗಿನಿಂದ ತಮ್ಮ ಹಳೆಯ ಚೂಡಿದಾರದ ಟಾಪ್ ತಂದು, ನಾನು ಕೈ ಚಾಚಿದ್ದರೂ, ಕುರ್ಚಿಯ ಮೇಲಿಟ್ಟರು.

"ಹಾಕ್ಕೊಳ್ಳಮ್ಮ. ವಾಪಸ್ ಏನೂ ತರೋದು ಬೇಡ."

ಬೈಗುಳಕ್ಕೆ ಎದುರಾಡಬಹುದು. ಆ ಮಾತಿಗೆ ಏನೆಂದು ಎದುರಾಡುವುದು? ಟಾಪನ್ನು ಕುರ್ಚಿಯ ಮೇಲೆಯೇ ಬಿಟ್ಟು ಬನಿಯನ್ನಿನಲ್ಲೇ ಬಿಸಿಲಿಗೆ ಬಂದೆ.

ಶನಿವಾರ ಆಸ್ಟಿನ್ನಿನಲ್ಲಿ ಯಾರು ಬೇಕಾದರೂ ಓಡಬಹುದಾದ ಕೂಟವಿತ್ತು. ಕಾಲೇಜು ನನ್ನ ಹೆಸರು ತೆಗೆಸಿತ್ತು. ಯಾವ ತಂಡಕ್ಕೂ ಸೇರದವಳೆಂದು ನಾನೇ ಮತ್ತೆ ಸೇರಿಸಿದೆ. ಐದು ಸಾವಿರ ಮೀಟರನ್ನು ಹದಿನಾರೂವರೆ ನಿಮಿಷದೊಳಗೆ ಮುಗಿಸಿದರೆ ಜಾಗ, ಇಲ್ಲದಿದ್ದರೆ ಇಲ್ಲ ಎಂದಿದ್ದ ಡಲ್ಲಾಸಿನ ಕೋಚ್.

ಕಾರಿನಲ್ಲಿ ಕರೆದೊಯ್ದವನು ನಮ್ಮ ಕಾಲೇಜಿನಲ್ಲೇ ಎಂ.ಎಸ್. ಓದುವ ವಿಜಯಪುರದ ಶ್ರೀಶೈಲ್.

"ಹಲ್ಕಟ್ ಸೂಳೇಮಗ," ಎಂದು ಅಂಕಲ್ಲರನ್ನು ದಾರಿಯುದ್ದಕ್ಕೂ ಬೈದ. ಆಮೇಲೆ ದನಿ ತಗ್ಗಿಸಿ, "ಜಾಗ ಸಿಗಲಿಲ್ಲಂದ್ರ, ತಂಗಿ?"

"ವೀಸಾ ಹೋತು. ಊರಿಗೆ."

"ಮತ್ತ ಅವರ ಕೂಡ ರಾಜಿ ಮಾಡ್ಕೊಂಡ್ರ..."

"ಗಾಡಿ ಹೊಡಿಯೋ ಅಣ್ಣಾ."

ಪಿಸ್ತೂಲು ಸಿಡಿಯಿತು. ಎಂದಿನಂತೆ ಮುಂದೆ ನಾನು, ಬೆನ್ನಿಗೆ ಕೆಲ್ಸಿ. ಅವಳ ಉಸಿರು ನನ್ನ ಕತ್ತಿಗೆ ಬಡಿಯುತ್ತಿತ್ತು. ಇವತ್ತು ನಾನು ಅವಳಿಗಾಗಿ ಓಡುತ್ತಿಲ್ಲ ಎಂದು ಪ್ರತಿ ತಿರುವಿನಲ್ಲೂ ನನಗೆ ನಾನೇ ಹೇಳಿಕೊಂಡೆ. ಎರಡು ಸುತ್ತು ಉಳಿಯಿತು.

"ತುಂಗಾ, ಔಟ್!"

ಅವನು ಈಗ ನನ್ನ ಕೋಚ್ ಅಲ್ಲ. ನನಗದು ಗೊತ್ತು. ಕಾಲುಗಳಿಗೆ ಗೊತ್ತಿರಲಿಲ್ಲ. ಕಣ್ಣು ಪಿಳುಕಿಸುವುದರೊಳಗೆ ಟ್ರ್ಯಾಕಿನ ಮೂರನೇ ಪಟ್ಟೆಗೆ ಸರಿದುಬಿಟ್ಟಿದ್ದೆ. ಕೆಲ್ಸಿ ನನ್ನತ್ತ ನೋಡದೆ ದಾಟಿ ಹೋದಳು. ನೋಡುವ ರೂಢಿ ಅವಳಿಗಿರಲಿಲ್ಲ.

ಥೂ, ಎಂದು ನನ್ನ ಕಾಲಿಗೇ ಉಗಿದೆ. ಹಲ್ಲು ಕಚ್ಚಿ ಮತ್ತೆ ಒಳಗೆ ಬಂದೆ. ಕೊನೆಯ ತಿರುವಿನಲ್ಲಿ ಅವಳನ್ನು ಹಿಂದೆ ಹಾಕಿದೆ.

ಫಲಕದಲ್ಲಿ ಮೊದಲು ನನ್ನ ಹೆಸರು ಬಂತು. ಕಾಲೇಜಿನ ಹೆಸರಿರಬೇಕಾದ ಜಾಗ ಖಾಲಿ. ಕೊನೆಗೆ ಸಮಯ: ಡಲ್ಲಾಸ್ ಕೇಳಿದ್ದಕ್ಕಿಂತ ಎರಡು ಸೆಕೆಂಡು ಹೆಚ್ಚು.

"ನಮ್ ಕನ್ನಡದ ಹುಡುಗಿ!" ಎಂದು, ಕಾಲೇಜಿನ ತಂಡದ ಜೊತೆ ಬಂದಿದ್ದ ಅಂಕಲ್ ಮೊಬೈಲು ಹಿಡಿದು ಓಡಿಬಂದು, ನನ್ನ ಮುಖ ನೋಡಿ ಫಲಕ ನೋಡಿದರು. ಡಲ್ಲಾಸಿನ ಷರತ್ತು ಅವರಿಗೂ ಗೊತ್ತಿತ್ತು.

"ಛೇ, ಎರಡೇ ಸೆಕೆಂಡು! ಈಗ್ಲಾದ್ರೂ ಬುದ್ಧಿ ಬಂತೇನೇ? ಹೆಸರು ವಾಪಸ್ ತಗೋ, ಕೋಚ್ ಹತ್ರ ನಾನು ಮಾತಾಡ್ತೀನಿ. ನೀನಿಲ್ದೆ ಕೆಲ್ಸಿಗೆ ಆಗಲ್ವಂತೆ. ಇನ್ನೆರಡು ವರ್ಷ ಸುಮ್ನೆ ಮುಂದೆ ಓಡ್ಕೊಂಡಿರು."

"ಗಾಳಿ ತಡ್ಯಾಕ ನಿಮ್ಮ ಮಗಳ್ನ ಕಳಿಸ್ರಿ."

ನಾನು ತಿರುಗಿ ನಡೆದೆ.

ಅದೇ ಓಟದ ಎರಡನೇ ಗುಂಪಿನವರು ಗೆರೆಯ ಮೇಲೆ ನಿಲ್ಲುತ್ತಿದ್ದರು. ಆ ಎರಡು ಸೆಕೆಂಡು ಇಳಿಸಲು ಇನ್ನೊಮ್ಮೆ ಓಡೋಣವೆಂದು ಹೋಗಿ ಅವರ ತುದಿಯಲ್ಲಿ ನಿಂತೆ. ಪಿಸ್ತೂಲು ಹಿಡಿದ ಮುದುಕ ಹತ್ತಿರ ಬಂದು, ನಿನ್ನ ಓಟ ಮುಗಿದಿದೆ, ಈ ಗುಂಪಿನಲ್ಲಿ ನಿನ್ನ ಹೆಸರಿಲ್ಲ ಎಂದ. ನಾನು ಅಲುಗಲಿಲ್ಲ. ಆಚೆ ಬೇಲಿಯ ಬಳಿ ಅಂಕಲ್ ಯಾರನ್ನೋ ಕೂಗುತ್ತಿದ್ದರು. ಪಕ್ಕದ ಹುಡುಗಿ ನನ್ನನ್ನೊಮ್ಮೆ ನೋಡಿ, ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟಳು.

ಮುದುಕ ಕೈ ಎತ್ತಿದ. ನನ್ನನ್ನು ನೋಡಿ, ಪಿಸ್ತೂಲು ಸಿಡಿಸದೆ ಇಳಿಸಿದ.

ನಾನು ಮುಂದಿನ ತಿರುವನ್ನೇ ನೋಡುತ್ತ ಬಾಗಿ ನಿಂತಿದ್ದೆ.