ಸಣ್ಣ ಉನಾಯ್ಸಿ ಮತ್ತು ಎರಡು ಚಾಪೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ಒಂದು ಜಗಳ. ಚಂಡಮಾರುತದಿಂದ ಶುರು ಮಾಡೋಣ ಎಂದುಕೊಂಡಿದ್ದೆ. ಗಾಳಿ, ಅಲೆ, ಹಾರಿಹೋಗುವ ತಗಡು ಇದ್ದರೆ ಓದುವವರು ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಆ ವರ್ಷ ಫಿಜಿಯ ಕಡೆಗೆ ಬಂದ ಚಂಡಮಾರುತಕ್ಕೆ ಉನಾಯ್ಸಿ ಎಂದು ಹೆಸರಿಟ್ಟಿದ್ದರು. ಒವಲಾವು ದ್ವೀಪದ ನಮ್ಮ ನಾವುನಿ ಊರಿನವರು ರೇಡಿಯೋ ಸುತ್ತ ಕೂತು ಸುದ್ದಿ ಕೇಳಿದರು. ಮುಗಿದ ಮೇಲೆ ಮುದುಕ ಅಪೆನಿಸಾ ಎತ್ತಿದ ಮೊದಲ ಪ್ರಶ್ನೆ: "ಯಾವ ಉನಾಯ್ಸಿ? ದೊಡ್ಡೋಳೋ ಸಣ್ಣೋಳೋ?"

ಬಂದದ್ದು ಬಂತು. ಒಂದು ಅಡುಗೆಮನೆಯ ಸೂರು ಕಿತ್ತಿತು, ಒಣಹಾಕಿದ್ದ ಬಟ್ಟೆಯನ್ನು ಸಮುದ್ರಕ್ಕೆ ಎಸೆದು ಹೊರಟುಹೋಯಿತು. "ಇಷ್ಟೇನಾ? ಸಣ್ಣೋಳೇ ಬಿಡಿ," ಎಂದ ಅಪೆನಿಸಾ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು.

(ಈ ಆರಂಭವನ್ನು ಹರಿದು ಹಾಕಿದ್ದೇನೆ. ಸೂರು ಹೋದದ್ದು ಸಣ್ಣ ಉನಾಯ್ಸಿಯ ಅಡುಗೆಮನೆಯದೇ. ಅವಳು ನಕ್ಕಿರಲಿಲ್ಲ.)

೨

ಎರಡನೆಯ ಪ್ರಯತ್ನ. ಲೋಕದಲ್ಲಿ ಒಟ್ಟು ಎಷ್ಟು ಉನಾಯ್ಸಿಯರಿದ್ದಾರೆ ಎಂದು ಲೆಕ್ಕ ಹಾಕುತ್ತಾ ಹೋಗುವುದು. ಸುವಾ ಪಟ್ಟಣದಲ್ಲಿ ಆ ಹೆಸರಿನ ಒಂದು ಬ್ರೆಡ್ಡಿನಂಗಡಿ ಇದೆ. ಸದಾ ಕೆಟ್ಟು ನಿಲ್ಲುವ ಒಂದು ಮೀನಿನ ದೋಣಿ ಇದೆ. ಸಿಡ್ನಿಯಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಒಬ್ಬ ನರ್ಸ್ ಇದ್ದಾಳೆ. ಲೆವುಕಾ ಬಂದರಿಗೆ ಬಂದಿದ್ದ ನಾರ್ವೆಯ ನಾವಿಕನೊಬ್ಬ ಊರಿಗೆ ಮರಳಿ ತನ್ನ ನಾಯಿಗೆ ಅದೇ ಹೆಸರಿಟ್ಟನಂತೆ. ಯಾಕೆ ಎಂದು ಕೇಳಬೇಡಿ, ಅದನ್ನು ಬರೆದರೆ ನಾನು ಈ ಊರಲ್ಲಿ ಬದುಕುವ ಹಾಗಿಲ್ಲ.

ನನ್ನ ಹೆಸರಿನವಳೂ ಒಬ್ಬಳಿದ್ದಾಳೆ. ಧಾರವಾಡದ ಕಡೆಯವಳು. ಕಥೆ ಬರೆಯುತ್ತಾಳೆ, ನನಗಿಂತ ಚೆನ್ನಾಗಿ. ನನ್ನ ಕಥೆ ಚೆನ್ನಾಗಿ ಬಂದರೆ ಓದುಗರು ಆಕೆಗೆ ಕಾಗದ ಬರೆಯುತ್ತಾರೆ. ಕೆಟ್ಟುಹೋದರೆ ಮಾತ್ರ ಹೇಗೋ ನನ್ನ ವಿಳಾಸ ಪತ್ತೆ ಮಾಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ದ್ವೀಪದಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾ, ಎಂಟು ಸಾವಿರ ಮೈಲಿ ಆಚೆ ಇರುವ, ಮುಖ ನೋಡಿರದ ಆ ಹೆಂಗಸಿನ ಮೇಲೆ ಹೊಟ್ಟೆ ಉರಿದುಕೊಂಡಿದ್ದೇನೆ. ಆದ್ದರಿಂದ ಹೊಟ್ಟೆಕಿಚ್ಚಿನ ಈ ಒಂದು ವಿಷಯದಲ್ಲಾದರೂ ನನ್ನ ಮಾತನ್ನು ನಂಬಬಹುದು.

೩

ಅಷ್ಟು ಬರೆಯುವಷ್ಟರಲ್ಲಿ ಸಣ್ಣ ಉನಾಯ್ಸಿ ಚಾಪೆ ನೇಯುವ ಕೇದಗೆ ಗರಿಯ ಹೊರೆ ಹೊತ್ತು ನನ್ನ ಜಗುಲಿ ಹತ್ತಿದಳು.

"ಟೀಚರಮ್ಮಾ, ನನ್ ಬಗ್ಗೆ ಏನೋ ಬರೀತಿದೀಯಂತೆ? ಓದು, ಕೇಳೋಣ."

ಅವಳ ಭಾಷೆಗೆ ತಿರುಗಿಸಿ ಓದಿದೆ. 'ಸಣ್ಣ' ಎಂದ ಕೂಡಲೇ ಕೈ ಅಡ್ಡ ಹಿಡಿದಳು. "ಅದನ್ನ ತೆಗಿ."

"ಊರೆಲ್ಲಾ ಹಂಗೇ ಕರೀತಾರಲ್ಲೇ."

"ಊರು ಕರ್ಕೊಂಡ್ ಸಾಯ್ಲಿ. ನಿನ್ ಕಥೇಲಾದ್ರೂ ಬರೀ ಉನಾಯ್ಸಿ ಆಗಿರ್ತೀನಿ. ಆ ದೊಡ್ಡೋಳು ಹುಟ್ಟಿದ್ದು ನನಗಿಂತ ಮೂರೇ ಮೂರು ದಿನ ಮುಂಚೆ ಕಣೇ. ಆ ಮೂರು ದಿನಕ್ಕೆ ಐವತ್ತೆಂಟು ವರ್ಷದಿಂದ ಅವಳು ದೊಡ್ಡೋಳು, ನಾನು ಸಣ್ಣೋಳು."

"ಸರಿ, ಅವಳನ್ನ ಏನಂತ ಬರೀಲಿ?"

ಸ್ವಲ್ಪವೂ ಯೋಚಿಸಲಿಲ್ಲ. "ಇನ್ನೊಬ್ಬಳು ಅಂತ ಬರಿ."

(ಬರೆಯುತ್ತೇನೆ. ಲೇಖಕಿಗೆ ಪಾತ್ರಗಳ ಮೇಲೆ ಪೂರ್ಣ ಅಧಿಕಾರವಿದೆ ಎಂದು ಹೇಳುವವರು ಈಕೆಯ ಎದುರು ಕೂತು ನೋಡಬೇಕು.)

ಉನಾಯ್ಸಿ ಮತ್ತು ಇನ್ನೊಬ್ಬಳು ಅಣ್ಣತಮ್ಮಂದಿರ ಮಕ್ಕಳು. ಇಬ್ಬರಿಗೂ ಒಬ್ಬಳೇ ಅಜ್ಜಿಯ ಹೆಸರು. ಇಲ್ಲಿ ಒಂದೇ ಹೆಸರಿನವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, 'ಯದಾ' ಎನ್ನುತ್ತಾರೆ. ಯದಾ ಎಂದರೆ ನಾನೇ ನೀನು, ನೀನೇ ನಾನು ಎಂದಹಾಗೆ. ಯದಾಳ ಜೊತೆ ಜಗಳವಾಡುವಂತಿಲ್ಲ, ಅವಳ ಮೇಲೆ ಹೊಟ್ಟೆಕಿಚ್ಚು ಪಡುವಂತೆಯೂ ಇಲ್ಲ. ಶಾಸ್ತ್ರ ಹೀಗೆ ಬಾಯಿ ಹೊಲಿದಿಟ್ಟಿರುವುದರಿಂದಲೇ ಉನಾಯ್ಸಿಯ ಹೊಟ್ಟೆಕಿಚ್ಚು ಐವತ್ತೆಂಟು ವರ್ಷ ಚೆನ್ನಾಗಿ ಕಳಿತಿತ್ತು.

ಇನ್ನೊಂದು ಸಂಗತಿ. ನಿಮ್ಮ ಹೆಸರನ್ನು ಒಂದು ಮಗುವಿಗೆ ಇಟ್ಟರೆ ಆ ಮಗುವಿಗೆ ನೀವು ಜೀವಮಾನವೆಲ್ಲಾ ಯದಾ. ಮಗು ನೋಡುವ ಶಾಸ್ತ್ರದ ದಿನ ನೀವು ಚಾಪೆ ಒಯ್ಯಬೇಕು, ಆ ಚಾಪೆಯ ಮೇಲೆ ನಿಮ್ಮ ತೊಡೆಯಲ್ಲಿ ಮಗು ಮಲಗಬೇಕು. ಸುವಾದಲ್ಲಿ ದೊಡ್ಡ ಹೋಟೆಲೊಂದರ ಕೆಲಸದವರಿಗೆಲ್ಲ ಮೇಲ್ವಿಚಾರಕಿಯಾಗಿದ್ದ ಇನ್ನೊಬ್ಬಳಿಗೆ ಆಗಲೇ ಅಂಥ ನಾಲ್ಕು ಮಕ್ಕಳಿದ್ದವು. ಮದುವೆಯಾಗದೆ ಊರಲ್ಲೇ ಉಳಿದು ಚಾಪೆ ನೇಯ್ದುಕೊಂಡಿದ್ದ ಉನಾಯ್ಸಿಗೆ ಒಂದೂ ಇರಲಿಲ್ಲ. 'ಸಣ್ಣ' ಎನ್ನದೆ ಬರೀ ಯದಾ ಎಂದು ಕರೆಯುವ ಒಂದು ಪುಟ್ಟ ಬಾಯಿ ಬೇಕು ಎಂಬುದು ಅವಳ ಒಂದೇ ಆಸೆ.

೪

ಅವಳ ತಮ್ಮನ ಸೊಸೆ ಲೈಸಾನಿ ಬಸುರಿಯಾದಾಗ ಏಳು ತಿಂಗಳು ಉನಾಯ್ಸಿಯೇ ಮೀನಿನ ಸಾರು ಮಾಡಿ ಕುಡಿಸಿದಳು. ಕೊನೆಯ ಎರಡು ತಿಂಗಳು ಹುಡುಗಿ ಸುವಾಕ್ಕೆ ಹೋಗಿ ಇನ್ನೊಬ್ಬಳ ಮನೆಯಲ್ಲಿದ್ದಳು, ಅಲ್ಲೇ ಆಸ್ಪತ್ರೆ. ಒಂದು ಬೆಳಿಗ್ಗೆ ಫೋನು ಬಂತು: "ಹೆಣ್ಣು ಮಗು. ಉನಾಯ್ಸಿ ಅಂತ ಹೆಸರಿಟ್ಟಿದೀವಿ."

ಯಾವ ಉನಾಯ್ಸಿ ಎಂದು ಯಾರೂ ಕೇಳಲಿಲ್ಲ. ಇಲ್ಲಿ ಕೇಳುವುದಿಲ್ಲ. 'ಅದು ನನ್ನ ಹೆಸರೇ ತಾನೆ?' ಎಂದು ತಾಯಿಯನ್ನು ಕೇಳುವುದು, 'ನನಗೇ ಉಡುಗೊರೆ ತಂದಿರೋದು ತಾನೆ?' ಎಂದು ನೆಂಟರ ಚೀಲಕ್ಕೆ ಕೈ ಹಾಕಿದ ಹಾಗೆ. ಉನಾಯ್ಸಿಗೆ ಕೇಳುವ ಅಗತ್ಯವೂ ಕಾಣಲಿಲ್ಲ. ಸಾರು ಕುಡಿಸಿದವಳು ಯಾರು? ಅವಳು ಅವತ್ತೇ ಗರಿ ಸೀಳಲು ಕೂತಳು. ಆರು ವಾರ ನೇಯ್ದಳು, ಅಂಚಿಗೆ ಕೆಂಪು, ಹಳದಿ ಉಣ್ಣೆಯ ಕುಚ್ಚು ಕಟ್ಟಿದಳು. ಆ ದಿನಗಳಲ್ಲಿ ಅವಳಷ್ಟು ಹಾಡಿದ್ದನ್ನು ನಾನು ಕೇಳಿಲ್ಲ.

೫

ಮಗು ನೋಡುವ ದಿನ. ಮಧ್ಯಾಹ್ನದ ದೋಣಿಯಿಂದ ಲೈಸಾನಿ ಮಗುವನ್ನು ಎತ್ತಿಕೊಂಡು ಇಳಿದಳು. ಹಿಂದೆಯೇ ಹೂವಿನ ಉಡುಪಿನಲ್ಲಿ ಇನ್ನೊಬ್ಬಳು ಇಳಿದಳು. ಅವಳ ಕಂಕುಳಲ್ಲಿ ಸುತ್ತಿದ ಒಂದು ಚಾಪೆ.

ಉನಾಯ್ಸಿಯ ಕಾಲು ಅಲ್ಲೇ ಮರಳಿನಲ್ಲಿ ನೆಟ್ಟುಕೊಂಡಿತು.

"ಯದಾ! ಎಷ್ಟ್ ಬಡವಾಗಿದೀಯೇ," ಎಂದು ಇನ್ನೊಬ್ಬಳು ಬಂದು ಕೆನ್ನೆಗೆ ಮೂಗು ತಾಗಿಸಿದಳು.

"ನೀನು ಬಡವಾಗಿಲ್ಲ ಬಿಡು ಯದಾ," ಎಂದಳು ಉನಾಯ್ಸಿ.

ಮನೆಯ ಹೆಂಗಸರು ಇನ್ನೊಬ್ಬಳ ಚಾಪೆಯನ್ನು ಅರ್ಧ ಬಿಚ್ಚಿ ಸವರಿ ನೋಡಿದರು. ಎಂಥಾ ನುಣುಪು, ಎಂಥಾ ಕುಚ್ಚು, ಸುವಾ ಸಂತೆಯದಾ, ಅಯ್ಯೋ ನಮ್ಮೂರಲ್ಲಿ ಈ ಕೈ ಎಲ್ಲಿದೆ ಎಂದರು. ಉನಾಯ್ಸಿ ದೂರದಲ್ಲೇ ನಿಂತು ಕತ್ತು ಉದ್ದ ಮಾಡಿದಳು. ಅಲ್ಲಿಂದಲೇ ಕೂಗಿ ಹೇಳಿದಳು:

"ಅಂಚು ನೋಡ್ರೇ, ಸಡಿಲ. ಸಂತೆಗೆ ಅಂತ ಅವಸರದಲ್ಲಿ ನೇಯ್ದಿದ್ದು. ನೇಯ್ದೋಳು ಸೋಮಾರಿ. ಇಂಥದರ ಮೇಲೆ ಹಂದೀನೂ ಮಲಗಲ್ಲ."

ಎಲ್ಲರಿಗೂ ಕೇಳಿಸಿತು. ಇನ್ನೊಬ್ಬಳ ಮುಖ ಚಿಕ್ಕದಾಯಿತು. ಅದನ್ನು ನೋಡಿ ಉನಾಯ್ಸಿಗೆ ಹಾಲು ಕುಡಿದಷ್ಟು ಸುಖವಾಯಿತು. (ಇದನ್ನು ಬರೆಯಬೇಡ ಎಂದಿದ್ದಳು. ಬರೆದೆ.)

ಗಂಡಸರು ಯಂಗೋನಾ ಬೇರಿನ ಪಾನಕ ಕುಡಿದು ಚಪ್ಪಾಳೆ ತಟ್ಟಿದರು. ಶಾಸ್ತ್ರದ ಮಾತು ಆಡುವವನು ಅಪೆನಿಸಾ. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದ: "ಮಗುವಿನ ಯದಾ ತನ್ನ ಚಾಪೆ ತಂದಿದ್ದಾಳೆ. ಉನಾಯ್ಸಿ ಮುಂದೆ ಬರಲಿ."

ಎರಡು ಚಾಪೆ ಎದ್ದು ನಿಂತವು.

ಅಪೆನಿಸಾ ಕಣ್ಣು ಬಿಟ್ಟ. ಇವಳನ್ನು ನೋಡಿದ, ಅವಳನ್ನು ನೋಡಿದ. ಲೈಸಾನಿ ತಲೆ ಎತ್ತಲಿಲ್ಲ, ಮಗುವಿನ ಟೋಪಿಯ ದಾರ ಕಟ್ಟುವುದು ಬಿಚ್ಚುವುದು ಮಾಡುತ್ತಾ ಕೂತಳು. ಶಾಸ್ತ್ರದ ಮಧ್ಯೆ ತಡವರಿಸುವುದು ಮನೆತನಕ್ಕೇ ಅವಮಾನ. ಅಪೆನಿಸಾ ಮುದುಕನಾದರೂ ಚುರುಕು: "ಎರಡೂ ಹಾಸಿ!" ಎಂದ.

ಹಾಸಿದರು. ಕೆಳಗೆ ಉನಾಯ್ಸಿಯ ಚಾಪೆ, ಮೇಲೆ ಇನ್ನೊಬ್ಬಳದು. ದೊಡ್ಡವಳದು ತಾನೆ ಮೇಲಿರಬೇಕು! ಆರು ವಾರದ ನೇಯ್ಗೆ ಒಂದೇ ಸಲಕ್ಕೆ ಮುಚ್ಚಿಹೋಯಿತು, ಕುಚ್ಚು ಮಾತ್ರ ಬೆರಳಗಲ ಹೊರಗೆ ಕಾಣುತ್ತಿತ್ತು.

೬

ಇಲ್ಲಿ ನಾನು ಒಂದು ಭರ್ಜರಿ ದೃಶ್ಯ ಬರೆದಿದ್ದೆ. ಉನಾಯ್ಸಿ ಚಾಪೆ ಎಳೆಯುತ್ತಾಳೆ, ಇನ್ನೊಬ್ಬಳು ಬೀಳುತ್ತಾಳೆ, ಐವತ್ತೆಂಟು ವರ್ಷದ ಮಾತು ಹೊರಗೆ ಬರುತ್ತದೆ.

"ನಾನು ಹಂಗೆಲ್ಲಿ ಮಾಡ್ದೆ?" ಎಂದಳು ಉನಾಯ್ಸಿ ಓದಿಸಿ ಕೇಳಿ.

"ಮಾಡಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು."

"ಮತ್ತೆ?"

"ಅನ್ನಿಸಿದ್ದೆಲ್ಲಾ ಮಾಡೋಕೆ ನಾನೇನು ಚಂಡಮಾರುತಾನಾ? ನಡೆದಿದ್ದು ಬರಿ."

೭

ನಡೆದದ್ದು ಇದು. ಮಗುವನ್ನು ತೊಡೆಗೆ ತೆಗೆದುಕೊಳ್ಳಲು ಇಬ್ಬರೂ ಚಾಪೆಯ ಮೇಲೆ ಮಂಡಿಯೂರಿದರು. ಇನ್ನೊಬ್ಬಳ ಕೈ ಮುಂದೆ ಹೋಯಿತು, ಮಗು ಅವಳ ತೊಡೆಗೆ ಹೋಯಿತು. ಉನಾಯ್ಸಿ ತಲೆ ಬಗ್ಗಿಸಿದಳು. ಬಗ್ಗಿಸಿದಾಗ ಮೇಲಿನ ಚಾಪೆಯ ಮೂಲೆ ಕಣ್ಣಿಗೆ ಬಿತ್ತು.

ಮೂಲೆಯಲ್ಲಿ ಬಿಳಿ ಗರಿಗಳ ನಡುವೆ ಒಂದೇ ಒಂದು ಕಪ್ಪು ಗರಿ, ಒಳಗೆ ಮಡಚಿ ಮತ್ತೆ ಹೊರಗೆ ತೆಗೆದದ್ದು. ಅಜ್ಜಿ ಉನಾಯ್ಸಿ ತನ್ನ ಪ್ರತಿ ಚಾಪೆಯಲ್ಲೂ ಹಾಗೆ ಮಾಡುತ್ತಿದ್ದಳು. ಅವಳಿಂದ ಆ ಮಡಿಕೆ ಕಲಿತದ್ದು ಲೋಕದಲ್ಲಿ ಒಬ್ಬಳೇ.

ಹೋದ ವರ್ಷ ಚರ್ಚಿನ ಹೆಂಗಸರು ಸುವಾ ಸಂತೆಗೆ ಚಾಪೆ ಕಳಿಸಿದಾಗ ಉನಾಯ್ಸಿಯೂ ಒಂದು ಕೊಟ್ಟಿದ್ದಳು. ದೋಣಿ ಕೂಗುತ್ತಿತ್ತು, ಕೊನೆಯ ಸಾಲನ್ನು ಅವಸರದಲ್ಲಿ ಎಳೆದು ಮುಗಿಸಿದ್ದಳು. ಅಂಚು ಸಡಿಲವಾಗಿತ್ತು. ಅವಳ ವಿಮರ್ಶೆ ಅಕ್ಷರಶಃ ಸರಿಯಾಗಿತ್ತು.

ಇನ್ನೊಬ್ಬಳು ಅವಳ ಕಣ್ಣು ಹೋದ ಕಡೆ ನೋಡಿದಳು. ಮೆಲ್ಲಗೆ ಎಂದಳು: "ನಿಂಗೆ ಹಿಡಿಸ್ಲಿಲ್ಲ ಅಂತ ಗೊತ್ತು ಯದಾ. ನಂಗೆ ನೇಯೋಕೆ ಬರಲ್ಲ, ಅಜ್ಜಿ ನಿಂಗೆ ಮಾತ್ರ ಕಲಿಸಿದ್ಳು, ಅದೊಂದು ಹೊಟ್ಟೆಕಿಚ್ಚು ನಂಗೆ ಇವತ್ತಿಗೂ ಇದೆ. ಸಂತೇಲಿ ನೂರು ಚಾಪೆ ಇತ್ತು. ಈ ಮೂಲೆ ನೋಡಿ, ಅಜ್ಜೀದೇ ಕೈ ಇದ್ದಂಗಿದೆ ಅಂತ ಇದನ್ನೇ ತಂದೆ."

ಅವಳಿಗೂ ಹೊಟ್ಟೆಕಿಚ್ಚು! ಉನಾಯ್ಸಿ ಬಾಯಿ ತೆರೆದಳು.

೮

ಅಂತ್ಯ ಒಂದು: "ಇದು ನಂದೇ ಕಣೇ!" ಎಂದು ಕೂಗುತ್ತಾಳೆ. ಎರಡು ಚಾಪೆಯೂ ಅವಳದು, ಮಗು ಎಲ್ಲಿ ಮಲಗಿದರೂ ಅವಳ ಮೇಲೇ. ಆದರೆ ಸೋಮಾರಿಯೂ ಅವಳೇ, ಹಂದಿಯೂ ಮಲಗದ ಚಾಪೆಯೂ ಅವಳದೇ.

ಅಂತ್ಯ ಎರಡು: ಬಾಯಿ ಮುಚ್ಚಿಕೊಳ್ಳುತ್ತಾಳೆ. ಮರ್ಯಾದೆ ಉಳಿಯಿತು, ಮಗು ಹೋಯಿತು.

ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. (ಧಾರವಾಡದವಳಾಗಿದ್ದರೆ ಇಲ್ಲಿ ಮೂರನೆಯ ಅಂತ್ಯವೊಂದನ್ನು ಎಷ್ಟು ಸೊಗಸಾಗಿ ಹೊಂದಿಸುತ್ತಿದ್ದಳೋ. ನನಗೆ ಕಂಡದ್ದನ್ನಷ್ಟೇ ಬರೆಯುತ್ತೇನೆ.)

ಉನಾಯ್ಸಿ ಅಂಚಿಗೆ ಸರಿದು ಕೂತಳು. ಅಪೆನಿಸಾನ ಭಾಷಣ ಮುಗಿಯುವವರೆಗೂ ಉಗುರಿನಿಂದ ಸಡಿಲ ಗರಿಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಬಂದಳು.

"ಏನ್ ಮಾಡ್ತಿದೀಯ ಯದಾ?"

"ಏನಿಲ್ಲ ಯದಾ. ನೇಯ್ದೋಳಿಗೆ ಅವತ್ತು ಏನೋ ಅವಸರ ಇತ್ತು ಅನ್ಸುತ್ತೆ."

ಇನ್ನೊಬ್ಬಳು ಅವಳ ಬೆರಳುಗಳನ್ನು ನೋಡಿದಳು. ಆಮೇಲೆ ಮೂಲೆಯ ಕಪ್ಪು ಗರಿಯನ್ನು ನೋಡಿದಳು, ಮತ್ತೆ ಬೆರಳುಗಳನ್ನು ನೋಡಿದಳು. ಏನು ತಿಳಿಯಿತೋ, ಮಗುವನ್ನು ಎತ್ತಿ ಉನಾಯ್ಸಿಯ ತೊಡೆಗೆ ಹಾಕಿದಳು. "ನನ್ ಕಾಲು ಜೋಮು ಹಿಡೀತು, ನೀನಿಟ್ಕೋ," ಎಂದಳು.

ಇಲ್ಲೇ ನಿಲ್ಲಿಸಿದ್ದರೆ ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಆಗಲೇ ಬಾಗಿಲಲ್ಲಿ ಗೆಣಸಿನ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಕೂಗಿದಳು: "ಸಣ್ಣ ಉನಾಯ್ಸಿ ಮುಖಕ್ಕೆ ಬಿಸಿಲು ಬೀಳ್ತಿದೆ, ನೋಡ್ರೇ!"

ಉನಾಯ್ಸಿ ಕೆನ್ನೆ ಮುಟ್ಟಿಕೊಂಡಳು. "ನಂಗೆಲ್ಲಿ ಬಿಸಿಲು?"

ಮನೆಯೆಲ್ಲ ನಗು. "ನೀನಲ್ವೇ ತಾಯಿ, ಮಗು! ಇನ್ಮೇಲೆ ಸಣ್ಣೋಳು ಅದೇ ಅಲ್ವಾ?"

"ಹಂಗಾದ್ರೆ ನಾನು?"

"ನೀನು ನಡುವಿನೋಳು," ಎಂದ ಅಪೆನಿಸಾ. ಮತ್ತೆ ನಗು. ಉನಾಯ್ಸಿ ತೊಡೆಯ ಮೇಲಿನ ಆರು ವಾರದ ಕೂಸನ್ನು ನೋಡಿದಳು. ಐವತ್ತೆಂಟು ವರ್ಷದಲ್ಲಿ ಇನ್ನೊಬ್ಬಳನ್ನು ಕೂಡ ಅವಳು ಅಷ್ಟು ಹೊಟ್ಟೆಕಿಚ್ಚಿನಿಂದ ನೋಡಿರಲಿಲ್ಲ.

೯

ಮಗು ಯಾರ ಯದಾ ಎಂದು ಲೈಸಾನಿ ಇವತ್ತಿಗೂ ಹೇಳಿಲ್ಲ. ಹೆರಿಗೆ ಮಾಡಿಸಿದ ನರ್ಸಿನ ಹೆಸರೂ ಉನಾಯ್ಸಿ ಅಂತೆ ಎಂದು ಕೆಲವರು, ಚಂಡಮಾರುತದ ನೆನಪಿಗೆ ಎಂದು ಕೆಲವರು. ನಾನು ಕೇಳಿಲ್ಲ, ಕೇಳುವುದಿಲ್ಲ. ನಿಮಗೇನಾದರೂ ಹೊಳೆದರೆ ನನಗೇ ಬರೆಯಿರಿ, ದಯವಿಟ್ಟು ಧಾರವಾಡಕ್ಕೆ ಬರೆಯಬೇಡಿ.

ಊರ ಬಾಯಲ್ಲಿ 'ಸಣ್ಣ ಉನಾಯ್ಸಿ' ಈಗ ಪೂರ್ತಿ ಮಗುವಿನದಾಗಿದೆ. ಇವತ್ತು ಬೆಳಿಗ್ಗೆ ಉನಾಯ್ಸಿ ಮತ್ತೆ ಜಗುಲಿಗೆ ಬಂದಳು.

"ಅವತ್ತು 'ಸಣ್ಣ' ತೆಗೆಸಿದ್ನಲ್ಲ, ಎಲ್ಲಿಟ್ಟಿದೀಯ?"

"ಎಲ್ಲಿಡ್ತಾರೆ? ಹೊಡೆದುಹಾಕ್ದೆ."

"ವಾಪಸ್ ಹಾಕು."

"ನೀನೇ ತಾನೆ ಬೇಡ ಅಂದಿದ್ದು?"

"ಬೇಡ ಅಂದಿದ್ದು ನಾನು. ಯಾರಿಗೋ ಕೊಡು ಅಂದ್ನಾ? ಐವತ್ತೆಂಟು ವರ್ಷ ಹೊತ್ತಿದೀನಿ. ಹಲ್ಲೂ ಬರದೋಳು ಸುಮ್ನೆ ಬಂದು ಎತ್ಕೊಂಡ್ ಹೋಗ್ತಾಳಾ?"

ಇಷ್ಟೂ ಹಾಳೆ ತಿದ್ದುವುದು ನನ್ನಿಂದಾಗದು. ಮೊದಲ ಹಾಳೆ ತೆಗೆದು ಎಲ್ಲಕ್ಕಿಂತ ಮೇಲೆ, ಹೆಸರು ಬರೆಯುವ ಜಾಗದಲ್ಲಿ, ಅದೊಂದು ಪದ ಸೇರಿಸಿದೆ. ಓದಲು ಬರದ ಆ ಕನ್ನಡ ಅಕ್ಷರಗಳ ಮೇಲೆ ಅವಳು ಬೆರಳಿಟ್ಟು ಕೇಳಿದಳು.

"ಇದೇನಾ ಸಣ್ಣ?"

"ಹೂಂ."

ಬಗ್ಗಿ ತುಂಬಾ ಹೊತ್ತು ನೋಡಿದಳು.

"ಇನ್ನೂ ದೊಡ್ಡದಾಗಿ ಬರಿ," ಎಂದಳು.