ಮಾಲಿನಿಯ ಉಪಪ್ರಶ್ನೆ

ರಾಮಾಂಜಿನಪ್ಪ ಎರಡು ಸಲ ಎಂಎಲ್‌ಎ ಆಗಿದ್ದವರು. ಮೂರನೆಯ ಸಲ ಪಕ್ಷ ಅವರನ್ನು ಬಿಟ್ಟು ಮಾಲಿನಿಗೆ ಟಿಕೆಟ್ ಕೊಟ್ಟಿತು. ಮಾಲಿನಿ, ಒಂದು ಕಾಲಕ್ಕೆ ಅವರ ಪೋಸ್ಟರು ಅಂಟಿಸುತ್ತಿದ್ದ ಜಯರಾಮಯ್ಯನ ಮಗಳು. ಅವಳು ಸೋತರೆ ಹೋಗಿ ಏನು ಸಮಾಧಾನ ಹೇಳಬೇಕೆಂದು ರಾಮಾಂಜಿನಪ್ಪ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದರು. ಅವಳು ಗೆದ್ದಳು. ಗೆದ್ದವಳಿಗೆ ಏನು ಹೇಳಬೇಕೆಂದು ತೋಚದೆ, ಮೈಗೆ ಹುಷಾರಿಲ್ಲವೆಂದು ಮನೆಯಲ್ಲೇ ಉಳಿದರು.

ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದ ಬೀದಿಯಲ್ಲಿ ಜನ ಈಗಲೂ ಅವರಿಗೆ ಕೈಮುಗಿಯುತ್ತಿದ್ದರು. ಆದರೆ ಏನಾದರೂ ಕೆಲಸವಾಗಬೇಕಿದ್ದರೆ, "ಎಂಎಲ್‌ಎಮ್ಮಂಗೆ ಒಂದ್ ಮಾತು ಹೇಳಿ ಸಾಮಿ" ಅನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವರು ಅರ್ಧ ಮುದ್ದೆಗೇ ಕೈ ತೊಳೆದು ಏಳುತ್ತಿದ್ದರು.

ವಿಧಾನಸಭೆಯ ಅಧಿವೇಶನಕ್ಕೆ ಮುಂಚೆ ಮಾಲಿನಿ ಅವರ ಮನೆಗೆ ಬಂದಳು.

"ದೊಡ್ಡಪ್ಪ, ಆನೆ ಟ್ರೆಂಚಿನ ಬಗ್ಗೆ ಪ್ರಶ್ನೆ ಹಾಕಿದೀನಿ. ನಿಮ್ ಕಾಲದಲ್ಲಿ ನೀವೂ ಕೇಳಿದ್ರಂತೆ. ಹೆಂಗ್ ಕೇಳ್ಬೇಕು ಒಸಿ ಹೇಳ್ಕೊಡಿ."

ಗುಮ್ಮಳಾಪುರದ ಆಚೆ ಕಾಡಂಚಿನ ರಾಗಿ ಹೊಲಗಳಿಗೆ ಆನೆ ನುಗ್ಗದಿರಲೆಂದು ಸರ್ಕಾರ ಕಂದಕ ತೋಡಿಸಿತ್ತು. ಕೆಲಸ ಪೂರ್ತಿಯಾಯಿತೆಂದು ಹೇಳಿ ವರ್ಷಗಳೇ ಆಗಿದ್ದವು. ಆನೆಗಳು ಮಾತ್ರ ಬರುತ್ತಲೇ ಇದ್ದವು. ಏಕೆಂದು ರಾಮಾಂಜಿನಪ್ಪನವರಿಗೆ ಗೊತ್ತಿತ್ತು. ಹಳ್ಳದ ಹತ್ತಿರ ಹಾಸುಬಂಡೆ ಸಿಕ್ಕಿದ ಕಡೆ ಕಂದಕ ನಿಂತುಹೋಗಿತ್ತು. ಜಯರಾಮಯ್ಯನ ಜೊತೆ ಅಲ್ಲಿಯವರೆಗೂ ನಡೆದು ಅವರು ಕಣ್ಣಾರೆ ನೋಡಿದ್ದರು. ಆದರೂ ಅಂದಿನ ಮಂತ್ರಿ ಸಭೆಯಲ್ಲಿ "ಕೆಲಸ ಮುಗಿದಿದೆ" ಎಂದಾಗ, ನಮ್ಮದೇ ಪಕ್ಷದ ಮಂತ್ರಿಯಲ್ಲವೇ ಎಂದು ವಂದನೆ ಹೇಳಿ ಕೂತುಬಿಟ್ಟಿದ್ದರು.

"ಹೇಳ್ಕೊಡಕ್ಕೆ ಏನೈತಮ್ಮ? ಪ್ರಶ್ನೆ ಕೇಳು, ಮಂತ್ರಿ ಉತ್ತರ ಕೊಡ್ತಾರೆ, ಥ್ಯಾಂಕ್ಸ್ ಹೇಳಿ ಕೂತ್ಕೊ. ನಮ್ದೇ ಸರ್ಕಾರ. ಜಾಸ್ತಿ ಮಾತಾಡಿದ್ರೆ ಕೆಟ್ಟೋಳಾಗೋಗ್ತೀಯ."

ಉತ್ತರ ಸರಿಯಿಲ್ಲವೆನಿಸಿದರೆ ನಿಂತಲ್ಲೇ ಉಪಪ್ರಶ್ನೆ ಕೇಳಬಹುದೆಂದು ಅವರು ಹೇಳಲಿಲ್ಲ. ಬಂಡೆಯ ವಿಷಯವನ್ನೂ ಎತ್ತಲಿಲ್ಲ.

ಅವಳು ಹೋದ ಮೇಲೆ ಹೆಂಡತಿ ರಾಮಕ್ಕ ಕೇಳಿದರು. "ಬಂಡೆ ಇಸ್ಯ ಯಾಕೆ ಹೇಳ್ಲಿಲ್ಲ?"

"ಅವಳೇ ಹೋಗಿ ನೋಡ್ಕೊಳ್ಲಿ. ಗೆದ್ದಿರೋಳು ಅವಳು ತಾನೆ?"

ಪ್ರಶ್ನೆ ಬರುವ ದಿನ ರಾಮಾಂಜಿನಪ್ಪ ಚೆನ್ನೈನಲ್ಲಿದ್ದರು. ಮನೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಹೊರಟಿದ್ದರು. ವಿಧಾನಸಭೆಯ ಮೇಲಿನ ಗ್ಯಾಲರಿಯಲ್ಲಿ ಕೂತು ಕೆಳಗೆ ನೋಡಿದರೆ, ಒಂದು ಕಾಲದಲ್ಲಿ ತಾವು ಕೂತಿದ್ದ ಸಾಲಿನಲ್ಲೇ ಮಾಲಿನಿ ಕೂತಿದ್ದಳು.

ಅವಳು ಎದ್ದು ಪ್ರಶ್ನೆ ಕೇಳಿದಳು. ಅವಳ ತಮಿಳಿನಲ್ಲಿ ಗಡಿಯ ಕನ್ನಡದ ರಾಗವಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ರಾಮಾಂಜಿನಪ್ಪನವರಿಗೆ ಹಾಯೆನಿಸಿತು. ಮಂತ್ರಿ ಎದ್ದು, ಕಂದಕದ ಕೆಲಸ ಪೂರ್ತಿಯಾಗಿದೆ ಎಂದು ಓದಿ ಹೇಳಿ ಕೂತರು.

ಕೂತ್ಕೊ, ಎಂದುಕೊಂಡರು ರಾಮಾಂಜಿನಪ್ಪ. ಮಾಲಿನಿ ಕೂರಲಿಲ್ಲ.

"ಒಂದು ಉಪಪ್ರಶ್ನೆ. ಪೂರ್ತಿಯಾದ ಕಂದಕ ದಾಟಿ ಹೋದ ತಿಂಗಳು ಆನೆ ಹೇಗೆ ಬಂತು? ನಾನು ಕಂದಕದ ಉದ್ದಕ್ಕೂ ನಡೆದಿದ್ದೇನೆ. ಹಳ್ಳದ ಬಂಡೆಯಿಂದ ಆಚೆ ಕಂದಕವೇ ಇಲ್ಲ."

"ಅಧಿಕಾರಿಗಳ ವರದಿ ಹಾಗಿದೆ," ಎಂದರು ಮಂತ್ರಿ.

"ಅಧಿಕಾರಿಗಳನ್ನು ನಾನು ಇಲ್ಲಿ ಕೇಳುವಂತಿಲ್ಲ. ಈ ಸಭೆಗೆ ಉತ್ತರ ಹೇಳಬೇಕಾದವರು ಮಂತ್ರಿಗಳು. ನಾನು ನಿಮ್ಮನ್ನು ಕೇಳುತ್ತಿದ್ದೇನೆ."

ವಿರೋಧ ಪಕ್ಷದವರು ಮೇಜು ತಟ್ಟಿದರು. ಆಳುವ ಪಕ್ಷದವರು ಮುಖ ಮುಖ ನೋಡಿಕೊಂಡರು. ಸಭಾಧ್ಯಕ್ಷರು ಮಂತ್ರಿಯ ಕಡೆ ತಿರುಗಿದರು. ಮಂತ್ರಿ ಮತ್ತೆ ಎದ್ದು, ತಾವೇ ಹೋಗಿ ನೋಡಿ ಈ ಅಧಿವೇಶನ ಮುಗಿಯುವುದರೊಳಗೆ ಸಭೆಗೆ ತಿಳಿಸುವುದಾಗಿ ಮಾತು ಕೊಟ್ಟರು.

ರಾಮಾಂಜಿನಪ್ಪ ಬಗ್ಗಿ ಕೆಳಗಿನ ಸಾಲನ್ನೇ ನೋಡಿದರು. ಅದೇ ಸಾಲು, ಅದೇ ಮೈಕು. ತಮಗೇ ಸಿಗಬಹುದಾಗಿದ್ದ ಮಾತು.

ಹೊರಗೆ ಅವಳೇ ಅವರನ್ನು ನೋಡಿ ಹತ್ತಿರ ಬಂದಳು. "ದೊಡ್ಡಪ್ಪ! ನೀವು ಬತ್ತೀರಂತ ಗೊತ್ತೇ ಇರ್ಲಿಲ್ಲ."

"ವಿರೋಧ ಪಕ್ಷದೋರ ಕೈಲಿ ಮೇಜು ತಟ್ಟಿಸ್ಬುಟ್ಟೆ. ಇನ್ ಟಿಕೆಟ್ ಸಿಕ್ದಂಗೇ ಬುಡು."

ಅವಳ ಮುಖ ಸಣ್ಣದಾಯಿತು. "ಆಗ್ಲೇ ಪಕ್ಷದ ಸಚೇತಕರು ಕರ್ದವ್ರೆ. ಭಯ ಆಯ್ತೈತೆ ದೊಡ್ಡಪ್ಪ. ಬಂಡೆ ನೀವೂ ನೋಡಿದೀರಂತ ಅಪ್ಪ ಹೇಳಿದ್ರು. ಮಂತ್ರಿಗಳು ಬಂದ ದಿನ ನೀವೂ ಬನ್ನಿ."

ಬಂಡೆಯ ವಿಷಯ ತಾವು ಮುಚ್ಚಿಟ್ಟದ್ದು ಅವಳಿಗೆ ತಿಳಿದಿತ್ತು. ಆದರೂ ಯಾಕೆಂದು ಕೇಳಲಿಲ್ಲ. ಬಸ್ಸಿನಲ್ಲಿ ಕೃಷ್ಣಗಿರಿ ಬರುವವರೆಗೂ ಅವರಿಗೆ ಅದೇ ಕೊರೆಯಿತು. ಅವಳು ಜಗಳವಾಡಿದ್ದರೇ ಚೆನ್ನಾಗಿರುತ್ತಿತ್ತು.

ಮಂತ್ರಿ ಬಂದ ದಿನ ರಾಮಾಂಜಿನಪ್ಪ ಹೋದರು. ಬಾಯಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸದೆಯೇ ಹೋಗಿ ಜನರ ಹಿಂದೆ ನಿಂತರು. ಅಧಿಕಾರಿಗಳು ರಸ್ತೆ ಪಕ್ಕದ ಕಂದಕ ತೋರಿಸಿದರು. ಅಲ್ಲಿ ಅದು ಆಳವಾಗಿ, ಅಚ್ಚುಕಟ್ಟಾಗಿಯೇ ಇತ್ತು. ಮಂತ್ರಿ ತಲೆಯಾಡಿಸಿ ಕಾರಿನ ಕಡೆ ತಿರುಗಿದರು.

"ಬಂಡೆ ಇನ್ನೂ ಮುಂದಿದೆ ಸಾರ್," ಎಂದಳು ಮಾಲಿನಿ.

"ಮುಂದಕ್ಕೆ ದಾರಿಯಿಲ್ಲ. ಆನೆಗಳೂ ಇವೆ," ಎಂದ ಅಧಿಕಾರಿ.

ಮಂತ್ರಿ ಹೀಗೇ ವಾಪಸು ಹೋದರೆ ಸಭೆಯಲ್ಲಿ ಅವಳೇ ಸುಳ್ಳಿಯಾಗುತ್ತಾಳೆ. ಒಂದು ಗಳಿಗೆ ರಾಮಾಂಜಿನಪ್ಪನವರಿಗೆ ಅದು ಸಿಹಿಯಾಗಿಯೇ ಕಂಡಿತು. ಅಷ್ಟರಲ್ಲಿ ಮಾಲಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಂಟಾನದ ಪೊದೆಗಳ ನಡುವೆ ನಡೆದೇಬಿಟ್ಟಳು. ಊರಿನ ಜನ ಅವಳ ಹಿಂದೆ ಹೊರಟರು. ಒಂದು ಕಾಲದಲ್ಲಿ ತಮ್ಮ ಹಿಂದೆ ಬರುತ್ತಿದ್ದ ಜನ. ಇಲ್ಲೂ ಅವಳೇ ಮುಂದಾಗುವುದನ್ನು ಅವರಿಂದ ನೋಡಲಾಗಲಿಲ್ಲ. ಜನರನ್ನು ಸರಿಸಿಕೊಂಡು, ಏದುಸಿರು ಬಿಡುತ್ತ ಅವಳನ್ನೂ ದಾಟಿದರು.

"ದಾರಿ ನಂಗೊತ್ತು. ಬನ್ನಿ ಸಾರ್!" ಎಂದು ಕೂಗಿದರು.

ಇಷ್ಟು ಜನರೆದುರು ಮಂತ್ರಿಗೆ ಹಿಂದೆ ಉಳಿಯಲಾಗಲಿಲ್ಲ. ಹಾಸುಬಂಡೆಯ ಹತ್ತಿರ ಕಂದಕ ಮುಗಿದಿತ್ತು. ಆಚೆ ಬರೀ ಹುಲ್ಲು, ಆನೆ ಲದ್ದಿ, ತುಳಿದು ಮಲಗಿಸಿದ ರಾಗಿ ಪೈರು.

ಮಂತ್ರಿ ಬೆವರು ಒರೆಸಿಕೊಂಡು ಕೇಳಿದರು. "ಇದು ನಿಮಗೆ ಹೇಗೆ ಗೊತ್ತು?"

"ನಾನು ಎಂಎಲ್‌ಎ ಆಗಿದ್ದಾಗ ನೋಡಿದ್ದೆ."

"ಹಾಗಾದರೆ ಆಗ ಸಭೆಯಲ್ಲಿ ಯಾಕೆ ಹೇಳಲಿಲ್ಲ?"

ಎಲ್ಲರೂ ಅವರನ್ನೇ ನೋಡಿದರು.

"ಇವತ್ತು ಉತ್ತರ ಹೇಳಬೇಕಾದವರು ಅವರಲ್ಲ ಸಾರ್, ನೀವು," ಎಂದಳು ಮಾಲಿನಿ.

ಅವಳು ತಮ್ಮನ್ನು ಕಾಪಾಡಿದ್ದಳು. ಅವಳು ಗೆದ್ದಾಗ ಆಗಿದ್ದಕ್ಕಿಂತಲೂ ಹೆಚ್ಚು ಉರಿ ಅವರಿಗೆ ಆಗ ಆಯಿತು.

ಅಧಿವೇಶನ ಮುಗಿಯುವ ಮುನ್ನ, ಮೊದಲು ಕೊಟ್ಟ ಉತ್ತರ ತಪ್ಪೆಂದು ಮಂತ್ರಿ ಸಭೆಯಲ್ಲಿ ಒಪ್ಪಿಕೊಂಡರು. ಬಂಡೆಯ ಮೇಲೆ ಕಲ್ಲಿನ ಗೋಡೆ ಏಳತೊಡಗಿತು. ಮಾಲಿನಿಯನ್ನು ಪಕ್ಷ ಒಂದು ಸಮಿತಿಯಿಂದ ತೆಗೆಯಿತು. ಊರಿನವರು ಅವಳಿಗೆ ಹಾರ ಹಾಕಿದರು. ರಾಮಾಂಜಿನಪ್ಪನವರಿಗೂ ಒಂದು ಶಾಲು ಹೊದಿಸಿದರು, ಅವಳಿಗೆ ಹಾರ ಹಾಕಿದ ಮೇಲೆ.

ಮನೆಗೆ ಬಂದು ಜಗಲಿಯ ಮೇಲೆ ಕೂತು ಅವರು ರಾಮಕ್ಕನಿಗೆ ಹೇಳಿದರು. "ನನ್ಗಿಂತ ಚೆಂದಾಗಿ ಕೇಳಿದ್ಲು ಕಣೆ ಅವಳು."

"ಅವಳ್ಗೇ ಹೇಳ್ಬಾರ್ದಾ ಅದ್ನ?"

"ನಿಂಗೆ ಹೇಳಿದ್ನಲ್ಲ, ಸಾಕು. ಅವಳ್ಗೆ ಹೇಳಕ್ಕೆ ನನ್ ಕೈಲಿ ಆಗಕ್ಕಿಲ್ಲ."